ಮೆರ್ಸಲ್ ನೋಡಿ ಸಿಟ್ಟು ಬಂದವರು ಆಸ್ಪತ್ರೆಯಲ್ಲಿ ಏನೇನು ಕೇಳಬೇಕು

ಭಾವನಿಗೆ ಪಿತ್ತಕೋಶದ ಆಪರೇಷನ್ ಆಗಿ ನಾಲ್ಕನೇ ದಿನ ಬಿಲ್ ಕೈಗೆ ಬಂತು. ಅಕ್ಕನ ಮಗ ಅದನ್ನು ನೋಡಿ ಧಡಕ್ಕನೆ ಎದ್ದು ನಿಂತ. ಭದ್ರಾವತಿಯಲ್ಲಿ ಬೆಳೆದ ಹುಡುಗ ಅವನು. ಗೆಳೆಯರಲ್ಲಿ ಅರ್ಧ ಜನ ತಮಿಳು ಮನೆಯವರು, ವಿಜಯ್ ಅಂದ್ರೆ ಪ್ರಾಣ. "ಚಿಕ್ಕಮ್ಮ, ಇವರಿಗೆಲ್ಲ ಮೆರ್ಸಲ್‌ನಲ್ಲಿ ಮಾಡಿದ ಹಾಗೇ ಮಾಡಬೇಕು" ಅಂದ. ಮೆರ್ಸಲ್ ಅಂದ್ರೆ ವಿಜಯ್ ನಟಿಸಿದ ತಮಿಳು ಸಿನಿಮಾ, ದುಡ್ಡಿಗಾಗಿ ರೋಗಿಗಳ ಜೀವ ತೆಗೆದ ಆಸ್ಪತ್ರೆಯವರ ಮೇಲೆ ನಾಯಕ ಅದರಲ್ಲಿ ಸೇಡು ತೀರಿಸಿಕೊಳ್ಳುತ್ತಾನೆ.

ನಾನು ತೀರ್ಥಹಳ್ಳಿ ಕಡೆಯವಳು. 29 ವರ್ಷ ಸ್ಟಾಫ್ ನರ್ಸ್ ಆಗಿದ್ದೆ, ಅದರಲ್ಲಿ ಜಾಸ್ತಿ ವರ್ಷ ಓಟಿಯಲ್ಲೇ, ಅಂದ್ರೆ ಆಪರೇಷನ್ ಥಿಯೇಟರಿನಲ್ಲೇ. ಅವನನ್ನು ಕೂರಿಸಿ, ಕೌಂಟರಿಗೆ ಹೋಗಿ, ಪ್ರತಿಯೊಂದನ್ನೂ ಬಿಡಿಸಿ ಬರೆದ ಬಿಲ್ ಕೇಳಿದೆ. ಒಂದು ಗಂಟೆಯಲ್ಲಿ ಕೊಟ್ಟರು. ಬಳಸದೆ ವಾಪಸ್ ಕೊಟ್ಟಿದ್ದ ಔಷಧಿ ಲೆಕ್ಕದಲ್ಲಿ ಹಾಗೇ ಇತ್ತು. ಒಂದೇ ರಕ್ತಪರೀಕ್ಷೆ ಎರಡು ಸಲ ಹತ್ತಿತ್ತು. ತೋರಿಸಿದೆ, ತೆಗೆದರು. 6,340 ರೂಪಾಯಿ ಕಡಿಮೆಯಾಯಿತು. ಅವತ್ತು ರಾತ್ರಿ ಅವನ ಜೊತೆ ಕೂತು ಆ ಸಿನಿಮಾವನ್ನು ಪೂರ್ತಿ ನೋಡಿದೆ. ನೋಡಿದ ಮೇಲೆ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಿನಿಮಾದಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಅಂತ ನೋಡಿ. ಅಟ್ಲಿ ನಿರ್ದೇಶನದ ಮೆರ್ಸಲ್ 2017ರ ಅಕ್ಟೋಬರ್ 18ಕ್ಕೆ, ದೀಪಾವಳಿಗೆ ಬಂತು. ಅದರಲ್ಲಿ ಐದು ರೂಪಾಯಿ ಡಾಕ್ಟರ್ ಇದ್ದಾನೆ. ಅದು ಬರೀ ಕಲ್ಪನೆ ಅಂತ ನಮ್ಮ ಕಡೆಯವರು ಯಾರೂ ಹೇಳಲಾರರು. ಮಂಡ್ಯದಲ್ಲಿ ಡಾ. ಶಂಕರೇಗೌಡರು ಐದು ರೂಪಾಯಿಗೆ ರೋಗಿ ನೋಡಿದ್ದು ನಾಡಿಗೇ ಗೊತ್ತು. ಆದರೆ ಜಿಎಸ್‌ಟಿ ಮಾತು ಸರಿಯಿಲ್ಲ. ಸಿಂಗಪುರದಲ್ಲಿ 7 ಪರ್ಸೆಂಟ್ ತೆರಿಗೆ ಕಟ್ಟಿದರೆ ಚಿಕಿತ್ಸೆ ಪುಕ್ಕಟೆ ಅನ್ನುತ್ತಾನೆ ನಾಯಕ. ಅಲ್ಲಿ ಜನ ಸಂಬಳದಿಂದ ಮೆಡಿಸೇವ್ ಅನ್ನೋ ಖಾತೆಗೆ ದುಡ್ಡು ಕಟ್ಟುತ್ತಾರೆ, ಆಸ್ಪತ್ರೆ ಬಿಲ್ಲಿಗೆ ಕೈಯಿಂದಲೂ ಹಾಕುತ್ತಾರೆ. ನಮ್ಮಲ್ಲಿ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ದಿನಕ್ಕೆ 5,000 ರೂಪಾಯಿ ಮೀರಿದ ರೂಮಿಗೆ ಮಾತ್ರ 2022ರಿಂದ 5 ಪರ್ಸೆಂಟ್ ಇದೆ, ಐಸಿಯುಗೆ ಅದೂ ಇಲ್ಲ. ಬಿಲ್ಲಿನಲ್ಲಿ ಆ ಸಾಲು ಕಂಡರೆ ಯಾಕೆ ಅಂತ ಕೇಳಿ.

ಹೆರಿಗೆಯ ದೃಶ್ಯದಲ್ಲಿ ನನಗೆ ಕಣ್ಣು ತುಂಬಿ ಬಂತು. ದುಡ್ಡಿನಾಸೆಗೆ ಸಿಸೇರಿಯನ್ ಮಾಡಿ ತಾಯಿಯನ್ನು ಕಳೆಯುತ್ತಾರೆ. ಕೇಡಿಗ ಡಾಕ್ಟರನ್ನು ತೋರಿಸಿದ್ದು ಅತಿಯಾಯಿತು, ಆದರೆ ಪ್ರಶ್ನೆ ಸುಳ್ಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ 100 ಹೆರಿಗೆಗೆ 47 ಸಿಸೇರಿಯನ್, ಸರ್ಕಾರಿಯಲ್ಲಿ 14. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇದ್ದರೆ, ಮಗುವಿನ ಎದೆಬಡಿತ ಇಳಿಯುತ್ತಿದ್ದರೆ ಸಿಸೇರಿಯನ್ ಬೇಕೇ ಬೇಕು. ಆಗ ತಡ ಮಾಡಬೇಡಿ. ಹಾಗಾಗಿ "ಬೇಡ" ಅಂತ ಹಟ ಹಿಡಿಯೋದಲ್ಲ. "ಈಗಲೇ ಯಾಕೆ ಬೇಕು? ಇನ್ನೆರಡು ಗಂಟೆ ಕಾದರೆ ತಾಯಿಗೆ, ಮಗುವಿಗೆ ಏನು ತೊಂದರೆ?" ಅಂತ ಕೇಳಿ. ಒಳ್ಳೆ ಡಾಕ್ಟರು ಒಂದು ನಿಮಿಷದಲ್ಲಿ ಉತ್ತರ ಹೇಳಿಬಿಡುತ್ತಾರೆ.

ಸಹಿ ವಿಷಯಕ್ಕೆ ಬರೋಣ. ಆಪರೇಷನ್ ಹಿಂದಿನ ಸಂಜೆ ಒಂದು ಕಾಗದ ತಂದು "ಇಲ್ಲಿ ಸೈನ್ ಮಾಡಿ" ಅನ್ನುತ್ತಾರೆ. ನಾನೂ ಎಷ್ಟೋ ಸಲ ಹಾಗೇ ಹೇಳಿದ್ದೇನೆ, ಗಡಿಬಿಡಿಯಲ್ಲಿ. ಅದು ತಪ್ಪು ಅಂತ ಈಗ ಮನಸ್ಸಿಗೆ ನೋವಾಗುತ್ತದೆ. ಖಾಲಿ ಜಾಗ ಇರುವ ಕಾಗದಕ್ಕೆ ಸಹಿ ಹಾಕಬೇಡಿ. ಕನ್ನಡದ್ದು ಕೊಡಿ ಅನ್ನಿ, ಇಲ್ಲದಿದ್ದರೆ ಓದಿ ಹೇಳಿಸಿಕೊಳ್ಳಿ. ಯಾವ ಆಪರೇಷನ್, ಯಾರು ಮಾಡುತ್ತಾರೆ, ಮಾಡದಿದ್ದರೆ ಏನಾಗುತ್ತದೆ, ಬೇರೆ ದಾರಿ ಇದೆಯಾ, ಇಷ್ಟು ತಿಳಿಯದೆ ಪೆನ್ನು ಮುಟ್ಟಬೇಡಿ. ರೋಗಿಗೆ ಎಚ್ಚರ ಇದ್ದರೆ ರೋಗಿಯೇ ಕೇಳಬೇಕು, ರೋಗಿಯೇ ಒಪ್ಪಬೇಕು. ನಮ್ಮ ಮಲೆನಾಡಿನ ಮನೆಗಳಲ್ಲಿ ಹೆಂಗಸರ ಆಪರೇಷನ್ನಿಗೆ ಗಂಡಸರು ಸಹಿ ಹಾಕಿ ಮುಗಿಸುತ್ತಾರಲ್ಲ, ಅದು ನಿಲ್ಲಬೇಕು. ಒಂದು ಆಪರೇಷನ್ನಿಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ನಡೆಯೋದಿಲ್ಲ, ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಬೇರೆ ಮಾತು ಅಂತ ಸುಪ್ರೀಂ ಕೋರ್ಟ್ 2008ರಲ್ಲೇ, ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ.

ಅರಿವಳಿಕೆ ಡಾಕ್ಟರು ಯಾರು, ಮುಂಚೆ ಬಂದು ನೋಡುತ್ತಾರಾ ಅಂತಲೂ ಕೇಳಿ. ಜನ ಸರ್ಜನ್ ಹೆಸರು ಮಾತ್ರ ಕೇಳುತ್ತಾರೆ. ನಿದ್ದೆ ಬರಿಸಿ, ಉಸಿರು ಕಾದು, ವಾಪಸ್ ಎಬ್ಬಿಸುವವರು ಇವರು. ಅವರು ಬಂದಾಗ ಏನನ್ನೂ ಮುಚ್ಚಿಡಬೇಡಿ. ಬಿಪಿ ಮಾತ್ರೆ, ದಮ್ಮು, ಅಲುಗಾಡುವ ಹಲ್ಲು, ಹಿಂದೆ ಯಾವ ಇಂಜೆಕ್ಷನ್ ಆಗಿಬರಲಿಲ್ಲ, ಎಲ್ಲ ಹೇಳಿ. ಅಡಿಕೆ ಊರಿನವರು ಇನ್ನೊಂದು ಹೇಳಲೇಬೇಕು. ಅಡಿಕೆ, ಗುಟ್ಕಾ ಜಗಿದು ಜಗಿದು ಕೆಲವರ ಬಾಯಿ ಎರಡು ಬೆರಳು ಹಿಡಿಯುವಷ್ಟೂ ತೆರೆಯೋದಿಲ್ಲ. ಆಗ ಉಸಿರಿನ ಕೊಳವೆ ಹಾಕೋದು ಬಹಳ ಕಷ್ಟ. ಮೊದಲೇ ಗೊತ್ತಾದರೆ ಬೇರೆ ಸಲಕರಣೆ ತಯಾರು ಇಟ್ಟುಕೊಳ್ಳುತ್ತಾರೆ. ಕೊನೆ ಗಳಿಗೆಯಲ್ಲಿ ಗೊತ್ತಾಗಿ ಓಟಿ ಒಳಗೆ ಎಲ್ಲರ ಮುಖ ಬಿಳಿಚಿಕೊಂಡಿದ್ದನ್ನು ನಾನು ನೋಡಿದ್ದೇನೆ.

ಬಿಲ್ಲನ್ನು ಕೊನೆಯ ದಿನಕ್ಕೆ ಬಿಡಬೇಡಿ. ದಿನಾ ಸಂಜೆ ಅವತ್ತಿನವರೆಗಿನ ಲೆಕ್ಕ ಕೇಳಿ, ಮನೆಯವರಲ್ಲಿ ಒಬ್ಬರೇ ಕೇಳಿ. ಬಿಪಿಎಲ್ ಕಾರ್ಡ್ ಇದ್ದವರು ಅಡ್ಮಿಟ್ ಆಗುವಾಗಲೇ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರಿ ಯೋಜನೆ ಬಗ್ಗೆ ವಿಚಾರಿಸಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ತುರ್ತು ಅಲ್ಲದ ಎಷ್ಟೋ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆಗುಂಬೆ ಘಾಟಿ ಇಳಿದು ಮಣಿಪಾಲ ಮುಟ್ಟಿದ ಮೇಲೆ ಆ ಚೀಟಿ ನೆನಪಾದರೆ ಏನು ಮಾಡುತ್ತೀರಿ?

ಕೇಸ್ ಶೀಟ್, ರಿಪೋರ್ಟುಗಳ ಪ್ರತಿ ಬೇಕಾದರೆ ಬರೆದು ಕೊಟ್ಟು ಕೇಳಿ. 2002ರ ವೈದ್ಯ ನಿಯಮಗಳ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಅರ್ಜಿಯ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ, ಸೀಲು ಹಾಕಿಸಿ.

ಈಗ ಸಿಟ್ಟಿನ ಮಾತು. ಒಂದು ಸಲ ಓಟಿ ಬಾಗಿಲ ಆಚೆ ರೋಗಿಯ ಕಡೆಯವರು ಗಾಜು ಒಡೆಯುತ್ತಿದ್ದರು. ಒಳಗೆ ಮೇಜಿನ ಮೇಲೆ ಬೇರೆ ರೋಗಿ, ಹೊಟ್ಟೆ ತೆರೆದಿತ್ತು. ನಮ್ಮ ಡಾಕ್ಟರ ಕೈ ನಡುಗಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅಕ್ಕನ ಮಗನಿಗೆ ಇದನ್ನು ಹೇಳಿದಾಗ ಸುಮ್ನೆ ಕೂತು ಕೇಳಿದ. ತೆರೆಯ ಮೇಲೆ ನಾಯಕ ಹೊಡೆದರೆ ಬೇರೆ ಯಾರಿಗೂ ಪೆಟ್ಟಾಗೋದಿಲ್ಲ, ವಾರ್ಡಿನಲ್ಲಿ ಹಾಗಲ್ಲ ಅಲ್ವಾ?

ದೂರು ಕೊಡೋಕೆ ಜಾಗಗಳಿವೆ. ಮೆರ್ಸಲ್ ಬಂದ ಮರು ತಿಂಗಳೇ, 2017ರ ನವೆಂಬರಿನಲ್ಲಿ, ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ಬೇಡ ಅಂತ ನಮ್ಮ ರಾಜ್ಯದ ಖಾಸಗಿ ಡಾಕ್ಟರು ಮುಷ್ಕರ ಹೂಡಿದ್ದರು. ಆದರೂ ಬೆಳಗಾವಿ ಅಧಿವೇಶನದಲ್ಲಿ ಅದು ಪಾಸಾಯಿತು. ಆ ಕಾಯ್ದೆಯಲ್ಲಿ ರೋಗಿಗಳ ಹಕ್ಕಿನ ಪಟ್ಟಿ ಇದೆ. ಬಾಕಿ ದುಡ್ಡಿಗಾಗಿ ಹೆಣವನ್ನು ಹಿಡಿದಿಡೋ ಹಾಗಿಲ್ಲ ಅಂತಲೂ ಇದೆ. ಮೊದಲು ಆಸ್ಪತ್ರೆಯ ಮುಖ್ಯಸ್ಥರಿಗೆ ಬರೆಯಿರಿ. ಆಗದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರಕ್ಕೆ. ಡಾಕ್ಟರ ನಡತೆ ಬಗ್ಗೆ ಆದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಪರಿಹಾರ ಕೇಳೋದಾದರೆ ಗ್ರಾಹಕರ ಆಯೋಗಕ್ಕೆ, ಎರಡು ವರ್ಷದೊಳಗೆ. ತಾರೀಕು, ಹೊತ್ತು, ಯಾರು ಏನಂದರು, ಅಷ್ಟನ್ನೇ ಬರೆಯಿರಿ. ಬೈಗುಳ ಬೇಡ.

ಅಕ್ಕನ ಮಗ ಈ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ, ಅಪ್ಪನ ಫೈಲಿನ ಮೊದಲ ಪುಟಕ್ಕೆ ಅಂಟಿಸಿದ್ದಾನೆ. ಮುಂದಿನ ಸೋಮವಾರ ಹೊಲಿಗೆ ಬಿಚ್ಚಿಸೋಕೆ ಹೋಗಬೇಕು. ಮಾತಾಡೋದು ಅವನೇ ಅಂತೆ, ನಾನು ಪಕ್ಕದಲ್ಲಿ ನಿಂತರೆ ಸಾಕಂತೆ.