ಕಾಳಜಿ ಕೇಂದ್ರಕ್ಕೆ ಹೊರಟ ನಮ್ಮ ನರ್ಸುಗಳು: ನನ್ನ ಅನುಭವ

2019ರ ಆಗಸ್ಟಿನಲ್ಲಿ ಕದ್ರಾ ಜಲಾಶಯದಿಂದ ನೀರು ಬಿಟ್ಟು ಕಾಳಿ ದಂಡೆಯ ಊರುಗಳು ಮುಳುಗಿದಾಗ, ಕಾರವಾರದ ನಮ್ಮ ಆಸ್ಪತ್ರೆಯಿಂದ ನೆರೆ ಸಂತ್ರಸ್ತರಿಗಾಗಿ ತೆರೆದ ಕಾಳಜಿ ಕೇಂದ್ರಗಳಿಗೆ ಹೋಗಲು ಹೆಸರು ಕೊಟ್ಟವರು ನನ್ನನ್ನೂ ಸೇರಿಸಿ ನಾಲ್ವರು. ಸುಮಾರು ಅರವತ್ತು ಮಂದಿ ಶುಶ್ರೂಷಕಿಯರಲ್ಲಿ ನಾಲ್ವರು! ಇವರಿಗೆ ಸೇವಾ ಮನೋಭಾವವೇ ಇಲ್ಲವೆಂದು ಅಂದು ಸಭೆಯಲ್ಲಿ ಕೇಳಿದ ಮಾತು ನನಗೆ ಬಹಳ ದಿನ ಚುಚ್ಚಿತು. ಶಿರೂರಿನಲ್ಲಿ ಗುಡ್ಡ ಕುಸಿದ 2024ರ ಮಳೆಗಾಲದಲ್ಲಿ ಅದೇ ವಾರ್ಡುಗಳಿಂದ ಇಪ್ಪತ್ತಾರು ಮಂದಿ ಸರದಿಯ ಮೇಲೆ ಹೋಗಿಬಂದರು. ಸಂಖ್ಯೆ ಒಂದೆರಡು ಆಚೀಚೆ ಇರಬಹುದು.

ಇವರನ್ನು ಸಜ್ಜುಗೊಳಿಸುವ ನನ್ನ ಮೊದಲ ಪ್ರಯತ್ನ ಪೂರ್ತಿ ನೆಲಕಚ್ಚಿತು. 2019ರ ಡಿಸೆಂಬರಿನಲ್ಲಿ ಸಭಾಂಗಣದಲ್ಲಿ ಒಂದು ದಿನದ ತರಬೇತಿ ಏರ್ಪಡಿಸಿದೆ. ಬ್ಯಾನರ್, ಊಟ, ಪ್ರಮಾಣಪತ್ರ ಹಾಗೂ ಉಪನ್ಯಾಸಕರ ಕಾರು ಬಾಡಿಗೆ ಸೇರಿ ಹದಿನೆಂಟು ಸಾವಿರ ಕೈಬಿಟ್ಟಿತು. ಅದರಲ್ಲಿ ಮೂರೂವರೆ ಸಾವಿರ ನನ್ನ ಸ್ವಂತದ್ದು, ಇಂದಿಗೂ ಮರಳಿಲ್ಲ. ಮಧ್ಯಾಹ್ನದ ಅಣಕು ಕಾರ್ಯಾಚರಣೆಯಲ್ಲಿ ಗಾಯಾಳುಗಳಾಗಿ ಮಲಗಿದ್ದ ವಿದ್ಯಾರ್ಥಿನಿಯರು ನಗು ತಡೆಯಲಾರದೆ ಎದ್ದು ಕುಳಿತರು. ಯಾರಿಗೆ ಮೊದಲು ಚಿಕಿತ್ಸೆ ಬೇಕೆಂದು ಬಣ್ಣದಿಂದ ಗುರುತಿಸಲು ತರಿಸಿದ್ದ ಇನ್ನೂರು ಟ್ರಯಾಜ್ ಕಾರ್ಡುಗಳನ್ನು ಜೂನಿನಲ್ಲಿ ಹೊರಗೆ ತೆಗೆದರೆ, ಹತ್ತು ನಿಮಿಷದ ಮಳೆಗೆ ಶಾಯಿ ಇಳಿದು ಕೆಂಪು ಯಾವುದು, ಹಳದಿ ಯಾವುದು ಎಂದು ತಿಳಿಯದಾಯಿತು. ಈಗ ಬಳೆ ಅಂಗಡಿಯ ನೈಲಾನ್ ರಿಬ್ಬನ್ನನ್ನೇ ನಾಲ್ಕು ಬಣ್ಣಗಳಲ್ಲಿ ಕತ್ತರಿಸಿ ಇಟ್ಟುಕೊಂಡಿದ್ದೇವೆ. ಒಟ್ಟು ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ.

ಕೋವಿಡ್ ಮುಗಿದ ಮೇಲೆ, 2022ರಲ್ಲಿ, ಸಭಾಂಗಣವನ್ನೇ ಬಿಟ್ಟೆ. ವಾರಕ್ಕೆರಡು ಸಲ, ಪಾಳಿ ಬದಲಾವಣೆಯ ಹ್ಯಾಂಡೋವರ್ ಮುಗಿದೊಡನೆ, ಇಪ್ಪತ್ತೇ ನಿಮಿಷ, ಆಂಬುಲೆನ್ಸ್ ನಿಲ್ಲುವ ಜಾಗದ ಸೂರಂಚಿನಲ್ಲಿ, ಹನಿ ಮೈಮೇಲೆ ಬೀಳುವಂತೆ ನಿಂತು ತಾಲೀಮು. ಅಲ್ಲಿ ಕಲಿತದ್ದು ಪುಸ್ತಕದಲ್ಲಿ ಇಲ್ಲದ್ದು: ಒದ್ದೆ ಚರ್ಮಕ್ಕೆ ಪ್ಲಾಸ್ಟರ್ ಹಿಡಿಯುವುದಿಲ್ಲ. ಡ್ರಿಪ್ಪಿಗೆ ರಕ್ತನಾಳಕ್ಕೆ ಹಾಕಿದ ಸಣ್ಣ ನಳಿಕೆ, ಕ್ಯಾನುಲಾ, ಮೂರು ಸಲ ಜಾರಿ ಹೊರಬಂದ ಮೇಲೆ, ತುದಿ ಸೀಳಿದ ಬ್ಯಾಂಡೇಜನ್ನು ಮಣಿಕಟ್ಟಿಗೆ ಸುತ್ತಿ ಗಂಟು ಹಾಕುವುದನ್ನು ಎಲ್ಲರೂ ರೂಢಿಸಿಕೊಂಡರು. ಸೀಟಿಯ ಸಂಜ್ಞೆಗಳನ್ನೂ ಪ್ರಯೋಗಿಸಿ ನೋಡಿದೆವು. ತಗಡಿನ ಮಾಡಿನ ಮೇಲೆ ಸುರಿಯುವ ನಮ್ಮ ಮಳೆಯ ಮುಂದೆ ಸೀಟಿ ಯಾರಿಗೂ ಕೇಳಿಸಲಿಲ್ಲ. ಅದನ್ನು ಅಲ್ಲಿಗೇ ಕೈಬಿಟ್ಟೆವು.

ಆದರೆ ತಾಲೀಮಿನಿಂದ ಕೈ ಪಳಗಿತೇ ಹೊರತು ಹೆಸರು ಕೊಡುವವರ ಸಂಖ್ಯೆ ಹೆಚ್ಚಲಿಲ್ಲ. ಕಾರಣ ತಿಳಿದದ್ದು ಒಬ್ಬ ಹಿರಿಯ ಸಿಸ್ಟರ್ ಹೇಳಿದ ಮಾತಿನಿಂದ: "ಮೇಡಂ, ನೆರೆಗೆ ನನಗೆ ಹೆದರಿಕೆಯಿಲ್ಲ. ನಾನು ಎರಡು ರಾತ್ರಿ ಹೊರಗಿದ್ದರೆ ನಮ್ಮ ಅತ್ತೆಗೆ ಇನ್ಸುಲಿನ್ ಕೊಡುವವರು ಯಾರು?" ಅಂದಿನಿಂದ ನಾನು ಯಾರಿಗೂ ಸೇವೆಯ ಮಹತ್ವ ಬೋಧಿಸಿಲ್ಲ. ಇಬ್ಬಿಬ್ಬರ ಜೋಡಿ ಮಾಡಿದೆ. ಒಬ್ಬಳು ಕೇಂದ್ರಕ್ಕೆ ಹೋದರೆ ಇನ್ನೊಬ್ಬಳು ಅವಳ ಮನೆಯತ್ತ ಒಂದು ಸಲ ಹೋಗಿಬರಬೇಕು. ಅತ್ತೆಯವರಿದ್ದ ಏಳೆಂಟು ಮನೆಗಳಿಗೆ ಭಾನುವಾರ ನಾನೇ ಹೋಗಿ ಕುಳಿತು ಮಾತಾಡಿ ಬಂದೆ. ಹೋಗಿಬಂದ ದಿನಗಳಿಗೆ ಬದಲಿ ರಜೆ ಸಿಗುವುದೆಂದು ಮಳೆಗಾಲಕ್ಕೆ ಮೊದಲೇ ಬರಹದಲ್ಲಿ ಮಾಡಿಸಿಟ್ಟೆ. ಅದನ್ನು ಮೇಲಿನವರಿಂದ ಹೇಗೆ ಒಪ್ಪಿಸಿದೆ ಎಂಬುದನ್ನು ಬರೆಯಲಾರೆ. ಬರೆದರೆ ಮುಂದಿನ ಸಲ ಆ ಉಪಾಯ ನಡೆಯದು.

ಕೇಂದ್ರಕ್ಕೆ ಹೋದವರು ರಕ್ತ ನಿಲ್ಲಿಸುವ ಪ್ರಸಂಗಕ್ಕಿಂತ ಹೆಚ್ಚಾಗಿ ಎದುರಿಸಿದ್ದು, ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ನೀರಿನಲ್ಲಿ ಕಳೆದುಕೊಂಡವರನ್ನು. ಶಾಲೆಯ ಕೋಣೆಯಲ್ಲಿ ನೋಟ್ ಪುಸ್ತಕ ಹಿಡಿದು ಕುಳಿತಿದ್ದ ನಮ್ಮ ಹುಡುಗಿಯನ್ನು ಮಾಸ್ತರಿಣಿಯೆಂದೇ ತಿಳಿದ ಅಜ್ಜಿಯೊಬ್ಬರು, "ಅಕ್ಕೋರೆ, ನಂದು ಬೆಳಿಗ್ಗೆ ತಿನ್ನೂ ಸಣ್ಣ ಗುಳಿಗೆ" ಎಂದಷ್ಟೇ ಹೇಳಿದರಂತೆ. ಹೀಗಾಗಿ ವಾರ್ಡಿನ ಖಾಲಿ ಸ್ಟ್ರಿಪ್ಪುಗಳನ್ನು ಹಳೆಯ ಟಿಫಿನ್ ಡಬ್ಬಿಯಲ್ಲಿ ಕೂಡಿಹಾಕಿ ಕಳುಹಿಸುತ್ತೇನೆ. ಹಿರಿಯರು ಹೆಸರು ಮರೆತರೂ ಹೊದಿಕೆಯ ಬಣ್ಣ ಗುರುತಿಸುತ್ತಾರೆ, ಆಮೇಲೆ ವೈದ್ಯರನ್ನು ಫೋನಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳುತ್ತೇವೆ. ಇಲಿಜ್ವರ ತಡೆಯಲು ಡಾಕ್ಸಿಸೈಕ್ಲಿನ್ ಹಂಚಿದ ಮೊದಲ ದಿನ ಖಾಲಿ ಹೊಟ್ಟೆಗೆ ಕೊಟ್ಟು, ಹತ್ತಾರು ಜನ ವಾಂತಿ ಮಾಡಿಕೊಂಡರು. ತಪ್ಪು ನನ್ನದೇ. ಈಗ ಗಂಜಿಯ ತಟ್ಟೆ ಖಾಲಿಯಾದದ್ದನ್ನು ಕಂಡ ಮೇಲೆಯೇ ಗುಳಿಗೆ.

ಜೋಡಿಯ ಲೆಕ್ಕಾಚಾರದಲ್ಲೂ ಒಂದು ತಪ್ಪು ಉಳಿದಿತ್ತು. ನಾನು ಒಂದೇ ವಾರ್ಡಿನವರನ್ನು, ಹೆಚ್ಚಾಗಿ ಒಂದೇ ಬಸ್ಸಿಗೆ ಬರುವ ಗೆಳತಿಯರನ್ನು ಜೋಡಿಸಿದ್ದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಮುಚ್ಚಿದಾಗ ಕುಮಟಾ ಕಡೆಯ ಜೋಡಿಗಳು ಇಡಿಯಾಗಿ ಆಚೆಯೇ ಉಳಿದವು. ಮೂರು ವಾರ ಕಳೆದ ಬೆನ್ನಲ್ಲೇ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ನದಿಯಾಚೆಯ ಸದಾಶಿವಗಡದ ಕಡೆಯವರ ಬಗ್ಗೆಯೂ ಅದೇ ಆತಂಕ. ಮನೆಯತ್ತ ನೋಡಲು ಹತ್ತಿರದವಳೇ ಬೇಕು, ಡ್ಯೂಟಿಗೆ ಬದಲಿಯಾಗಲು ನದಿಯ ಈಚೆಯವಳು ಬೇಕು. ಆದ್ದರಿಂದ ಈಗ ಜೋಡಿಯ ಬದಲು ಮೂವರ ಗುಂಪು ಮಾಡುತ್ತೇನೆ; ಮೊದಲು ಊರು, ಆಮೇಲೆ ವಾರ್ಡು ನೋಡುತ್ತೇನೆ. ಈ ಸಲದ ಪಟ್ಟಿಯಲ್ಲಿ ನದಿಯಾಚೆಯ ಮಾಜಾಳಿಯ ಇಬ್ಬರಿಗೆ ಈಚೆಯ ಮೂರನೆಯವಳು ಇನ್ನೂ ಸಿಕ್ಕಿಲ್ಲ.