ಪಕ್ಕದ ಗುಳಿಗೂ ಹಬ್ಬಿದ ಬೆಳ್ಳುಳ್ಳಿ ಘಾಟು

ಮೂರನೇ ಸಲವೂ ಕಂಟ್ರೋಲ್ ಗುಳಿಗಳಲ್ಲಿ, ಅಂದರೆ ಬೆಳ್ಳುಳ್ಳಿ ರಸ ಹಾಕದೆ ಹೋಲಿಕೆಗೆಂದು ಇಟ್ಟ ಗುಳಿಗಳಲ್ಲಿ, ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಅವುಗಳಲ್ಲಿ ಇದ್ದದ್ದು ಪೋಷಕ ದ್ರವ ಮತ್ತು ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಮಾತ್ರ. ತಡೆಯುವ ವಸ್ತುವಿನ ಒಂದು ಹನಿಯೂ ಇರಲಿಲ್ಲ. ಗುಳಿಗೆ ಹಾಕುವ ಬ್ಯಾಕ್ಟೀರಿಯಾದ ಬೀಜದ್ರಾವಣವೇ ಸತ್ತಿರಬೇಕೆಂದು ಎರಡು ಸಲ ಹೊಸದಾಗಿ ಮಾಡಿದ್ದೆ.

ನಾನು ಎಂ.ಎಸ್ಸಿ. ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳನ್ನು. ಬಿಡಿಸಿಟ್ಟ ಎಸಳಿಗೆ ಘಾಟಿಲ್ಲ, ಜಜ್ಜಿದರೆ ಮಾತ್ರ ಬರುತ್ತದೆ. ಎಸಳಿನಲ್ಲಿ ಬೇರೆ ಬೇರೆ ಇರುವ ಅಲಿಯಿನ್ ಎಂಬ ಸಂಯುಕ್ತವೂ ಅಲಿಯಿನೇಸ್ ಎಂಬ ಕಿಣ್ವವೂ ಆಗ ಕೂಡಿ, ಘಾಟಿನ ಅಲಿಸಿನ್ ಹುಟ್ಟುತ್ತದೆ. 1944ರಲ್ಲಿ ಅಮೆರಿಕದ ಚೆಸ್ಟರ್ ಕವಲ್ಲಿಟೊ ಮತ್ತು ಜಾನ್ ಬೈಲಿ ಅದನ್ನು ಬೇರ್ಪಡಿಸಿ, ಬ್ಯಾಕ್ಟೀರಿಯಾವನ್ನು ತಡೆಯುತ್ತದೆಂದು ತೋರಿಸಿದರು.

ಮೊದಲ ಹಂತ ಸುಲಭವಾಗಿತ್ತು. ಎಸಳನ್ನು ಜಜ್ಜಿ ಹತ್ತು ನಿಮಿಷ ಬಿಟ್ಟು, ರಸ ಹಿಂಡಿ, 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದೆ. ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಮ್ಯುಲ್ಲರ್ ಹಿಂಟನ್ ಅಗರ್ ಅನ್ನು ಪ್ಲೇಟಿಗೆ 4 ಮಿ.ಮೀ. ದಪ್ಪಕ್ಕೆ ಸುರಿದು, 0.5 ಮ್ಯಾಕ್‌ಫರ್ಲೆಂಡ್ ಅಳತೆಯಷ್ಟು (ಬ್ಯಾಕ್ಟೀರಿಯಾ ಎಷ್ಟಿವೆ ಎಂದು ದ್ರವದ ಮಸುಕಿನಿಂದ ಅಳೆಯುವ ಮಾನ) ಮಸುಕಾದ ಬ್ಯಾಕ್ಟೀರಿಯಾ ದ್ರವ ಹರಡಿ, ಗುಳಿ ಕೊರೆದು ರಸ ತುಂಬಿಸಿ 37 ಡಿಗ್ರಿಯಲ್ಲಿಟ್ಟೆ. ಮರುದಿನ ಗುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಅಗಲವಾದ ತಿಳಿವಲಯ. ಇಡೀ ಎಸಳನ್ನು ಮೊದಲು ಕುದಿಸಿ ಆಮೇಲೆ ಜಜ್ಜಿದ ರಸಕ್ಕೆ ವಲಯವೇ ಇಲ್ಲ. ಕುದಿತದಲ್ಲಿ ಕಿಣ್ವ ಕೆಟ್ಟಿರುತ್ತದೆ, ಅಲಿಸಿನ್ ಹುಟ್ಟುವುದಿಲ್ಲ. ಆ ಎರಡು ಪ್ಲೇಟುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಸಂತೋಷ ನನಗೆ ಇವತ್ತಿಗೂ ಹಸಿರಾಗಿದೆ.

ತೊಂದರೆ ಎದುರಾದದ್ದು 96 ಗುಳಿಯ ತಟ್ಟೆಯಲ್ಲಿ, ಕನಿಷ್ಠ ತಡೆ ಪ್ರಮಾಣ, ಅಂದರೆ ಬೆಳವಣಿಗೆಯನ್ನು ತಡೆಯಲು ಸಾಕಾಗುವ ಅತಿ ಕಡಿಮೆ ಪ್ರಮಾಣ, ಅಳೆಯುವಾಗ. ಮೂರನೇ ಸಲ ಸೋತು ಇನ್‌ಕ್ಯುಬೇಟರಿನ ಬಾಗಿಲು ತೆರೆದಾಗ ಘಾಟು ಮುಖಕ್ಕೆ ಹೊಡೆಯಿತು. ಅದು ಮೊದಲೂ ಹೊಡೆದಿತ್ತು, ನಾನು ಗಮನ ಕೊಟ್ಟಿರಲಿಲ್ಲ. ಇಷ್ಟು ವಾಸನೆ ಗಾಳಿಯಲ್ಲಿದೆ ಎಂದರೆ ವಸ್ತು ಗುಳಿಯಲ್ಲಿ ನಿಂತಿಲ್ಲ ಎಂದೇ ಅರ್ಥ. ನನ್ನ ಕಂಟ್ರೋಲ್ ಸಾಲು ಅತಿ ಹೆಚ್ಚು ಪ್ರಮಾಣದ ಸಾಲಿಗೆ ಅಂಟಿಕೊಂಡೇ ಇತ್ತು.

ಅವತ್ತೇ ಪರೀಕ್ಷಿಸಿದೆ. ಬ್ಯಾಕ್ಟೀರಿಯಾ ಹರಡಿದ ಪ್ಲೇಟನ್ನು ಬೋರಲು ಹಾಕಿ, ಕೆಳಗಿನ ಮುಚ್ಚಳದಲ್ಲಿ ರಸದ ಒಂದೇ ಹನಿ ಇಟ್ಟೆ. ಹನಿ ಅಗರ್‌ಗೆ ತಾಗಲಿಲ್ಲ. ಮರುದಿನ ಹನಿಯ ನೇರಕ್ಕೆ ದುಂಡಗೆ ಬೋಳಾಗಿತ್ತು, ಸುತ್ತ ದಟ್ಟ ಬೆಳವಣಿಗೆ. ಆವಿಯೇ ತಡೆದಿತ್ತು. ಆಮೇಲಿಂದ ಕಂಟ್ರೋಲ್ ಯಾವಾಗಲೂ ಪ್ರತ್ಯೇಕ ತಟ್ಟೆಯಲ್ಲಿ. ಹೆಚ್ಚಿನ ಪ್ರಮಾಣಗಳನ್ನು ತಿರುಪು ಮುಚ್ಚಳದ ಕೊಳವೆಗಳಲ್ಲಿ ಮಾಡಿದೆ.

ಬೆಳ್ಳುಳ್ಳಿಯ ಇನ್ನೊಂದು ಗಂಧಕದ ಸಂಯುಕ್ತ, ಡೈಆಲಿಲ್ ಡೈಸಲ್ಫೈಡ್, ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸಿತು. ಅದು ಎಣ್ಣೆ. ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ, ಆದ್ದರಿಂದ ವಲಯ ಕಿರಿದು. ವಲಯದ ಅಳತೆ ನೋಡಿ ಅಲಿಸಿನ್‌ಗಿಂತ ಇಷ್ಟು ಪಾಲು ದುರ್ಬಲ ಎಂದು ಬರೆದರೆ ಅದು ತಪ್ಪು; ಅಲ್ಲಿ ಅಳೆದದ್ದರಲ್ಲಿ ಅರ್ಧ ಭಾಗ ಅದು ಅಗರ್ ಒಳಗೆ ಎಷ್ಟು ಹರಡಿತು ಎಂಬುದೇ. ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿ, ಎಣ್ಣೆ ನೀರಿನಲ್ಲಿ ಬೆರೆಯುವಂತೆ ಮಾಡುವ ಟ್ವೀನ್ 80 ಸೇರಿಸಿ ದ್ರವದಲ್ಲೇ ಪರೀಕ್ಷಿಸಿದೆ. ದ್ರಾವಕ ಕೊನೆಗೆ ಶೇಕಡಾ 1 ಮೀರದಂತೆ ನೋಡಿಕೊಂಡೆ, ದ್ರಾವಕ ಮತ್ತು ಟ್ವೀನ್ ಮಾತ್ರ ಇರುವ ಕಂಟ್ರೋಲನ್ನೂ ಇಟ್ಟೆ. ಒಂದು ಗಂಧಕದ ಸಲ್ಫೈಡ್‌ಗಿಂತ ಎರಡರದ್ದು, ಅದಕ್ಕಿಂತ ಮೂರು ಗಂಧಕದ ಟ್ರೈಸಲ್ಫೈಡ್ ಚುರುಕು ಎಂಬ ಕ್ರಮ ಆಗ ಕಂಡಿತು.

ಬೆಳವಣಿಗೆ ಇದೆಯೇ ಎಂದು ನೋಡಲು ಗುಳಿಗೆ ಹಾಕುವ ಬಣ್ಣವೊಂದನ್ನೇ ನಂಬಬೇಡಿ. ಜೀವಂತ ಬ್ಯಾಕ್ಟೀರಿಯಾ ನೀಲಿ ರೆಸಜುರಿನ್ ಅನ್ನು ಗುಲಾಬಿ ಮಾಡುತ್ತವೆ ನಿಜ, ಆದರೆ ಗಂಧಕ-ಹೈಡ್ರೋಜನ್ ಗುಂಪಿರುವ ಥಯೋಲ್‌ಗಳೂ ಆ ಬಣ್ಣವನ್ನು ಬದಲಿಸಬಲ್ಲವು. ಬ್ಯಾಕ್ಟೀರಿಯಾ ಇಲ್ಲದ ರಸಕ್ಕೂ ರೆಸಜುರಿನ್ ಹಾಕಿ ನೋಡಿ. ತಿಳಿಯಾಗಿ ಕಂಡ ಗುಳಿಯಿಂದ ಒಂದು ಹನಿ ತೆಗೆದು ಹೊಸ ಅಗರ್ ಮೇಲೆ ಎಳೆಯಿರಿ: ಸತ್ತಿದ್ದವೋ, ಸುಮ್ಮನೆ ತಡೆದು ನಿಂತಿದ್ದವೋ ಅಲ್ಲಿ ತಿಳಿಯುತ್ತದೆ.

ನಾನು ಕೊನೆಗೆ ಮಾಡಿದ್ದು ಸಿಸ್ಟೀನ್ (ಥಯೋಲ್ ಗುಂಪಿರುವ ಅಮೈನೊ ಆಮ್ಲ) ಪರೀಕ್ಷೆ, ಇಡೀ ಕೆಲಸದಲ್ಲಿ ನನಗೆ ಅತಿ ಪ್ರಿಯವಾದದ್ದು. ಅಲಿಸಿನ್ ಬ್ಯಾಕ್ಟೀರಿಯಾದ ಕಿಣ್ವಗಳಲ್ಲಿನ ಥಯೋಲ್ ಗುಂಪಿಗೆ ಅಂಟಿ ಅವನ್ನು ಕೆಡಿಸುತ್ತದೆ. ಹಾಗಾದರೆ ಅದಕ್ಕೆ ಬೇರೆ ಥಯೋಲ್ ಮೊದಲೇ ಸಿಕ್ಕರೆ? ರಸಕ್ಕೆ ಸಿಸ್ಟೀನ್ ಬೆರೆಸಿ ಅರ್ಧ ಗಂಟೆ ಬಿಟ್ಟು ಗುಳಿಗೆ ಹಾಕಿದೆ. ಮರುದಿನ ಬ್ಯಾಕ್ಟೀರಿಯಾ ಗುಳಿಯ ಅಂಚಿನವರೆಗೂ ಬೆಳೆದು ನಿಂತಿದ್ದವು.