ಬಳ್ಳಾರಿ ಅಂಜೂರ ದುಬೈ ಮುಟ್ಟಬೇಕಾದರೆ: ವಿಮಾನದಲ್ಲಿ ತಾಜಾ ಮಾಲು ಕಳಿಸುವ ಕ್ರಮ

ನಿಮ್ಮ ಮಾಲಿಗೆ ವಿಮಾನವೇ ಬೇಕೇ ಅನ್ನುವುದನ್ನು ಮೊದಲು ತೀರ್ಮಾನಿಸಿ. ಕುಷ್ಟಗಿ, ಯಲಬುರ್ಗಾ ಕಡೆಯ ಭಗವಾ ದಾಳಿಂಬೆ 5ರಿಂದ 7 ಡಿಗ್ರಿಯಲ್ಲಿ ಎರಡು ತಿಂಗಳು ತಡೆಯುತ್ತದೆ. ಅದಕ್ಕೆ ಹಡಗಿನ ರೀಫರ್ (ತಂಪು ಯಂತ್ರ ಇರುವ) ಕಂಟೇನರ್ ಸಾಕು. ವಿಮಾನದ ಬಾಡಿಗೆ ಕೊಟ್ಟರೆ ಲಾಭವೆಲ್ಲ ಅಲ್ಲೇ ಹೋಗುತ್ತದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗೆ ತಂಪೇ ಬೇಕಿಲ್ಲ. ಅಂಜೂರ ಹಾಗಲ್ಲ. ಹೊರಗಿಟ್ಟರೆ ಎರಡನೇ ದಿನವೇ ಮೆತ್ತಗಾಗಿ ಹುಳಿ ವಾಸನೆ ಹಿಡಿಯುತ್ತದೆ. 0ಯಿಂದ 2 ಡಿಗ್ರಿಯಲ್ಲಿ ಇಟ್ಟರೆ ಒಂದು ವಾರ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಕೆಲವು ದಿನ. ಅದಕ್ಕೆ ವಿಮಾನ ಬಿಟ್ಟರೆ ದಾರಿ ಇಲ್ಲ.

ವಿಮಾನ ಹಣ್ಣನ್ನು ತಂಪು ಮಾಡುವುದಿಲ್ಲ, ತಂಪಾಗಿ ಬಂದದ್ದನ್ನು ಒಯ್ಯುತ್ತದೆ ಅಷ್ಟೆ. ದುಬೈಗೆ ಹಾರಾಟ ನಾಲ್ಕು ತಾಸಿನ ಆಸುಪಾಸು. ಹಣ್ಣು ಕೆಡುವುದು ಅದಕ್ಕೆ ಮೊದಲೇ: ತೋಟದ ಬದುವಿನ ಮೇಲೆ, ಲಾರಿಯೊಳಗೆ, ವಿಮಾನದ ಪಕ್ಕ ಬಿಸಿಲಿಗೆ ನಿಂತ ಟ್ರಾಲಿಯ ಮೇಲೆ. ಹಾಗಾಗಿ ಅರ್ಧಕ್ಕಿಂತ ಹೆಚ್ಚು ಕೆಲಸ ತೋಟದಲ್ಲೇ ಮುಗಿಯಬೇಕು.

ಕೊಯ್ಲು ಮತ್ತು ತಂಪು

ಇಬ್ಬನಿ ಆರಿದ ಕೂಡಲೇ ಶುರುಮಾಡಿ 9 ಗಂಟೆಯೊಳಗೆ ಕೊಯ್ಲು ಮುಗಿಸಿ. ಅಂಜೂರ ಕಿತ್ತ ಮೇಲೆ ಸರಿಯಾಗಿ ಹಣ್ಣಾಗುವುದಿಲ್ಲ. ದಾರಿಯಲ್ಲಿ ಮಾಗಲಿ ಎಂದು ಕಾಯಿ ಕಿತ್ತರೆ ಅಲ್ಲಿ ಸಪ್ಪೆ ಹಣ್ಣೇ ಮುಟ್ಟುತ್ತದೆ. ಬಣ್ಣ ತಿರುಗಿ, ಹೆಬ್ಬೆರಳಿನಿಂದ ಒತ್ತಿದಾಗ ತುಸುವೇ ಬಗ್ಗುವ ಹಣ್ಣು ಸರಿಯಾದದ್ದು. ಬುಡದ ಕಣ್ಣು ಬಿರಿದು ಅಲ್ಲಿ ಜೇನಿನಂಥ ಹನಿ ಕಂಡರೆ ಅದನ್ನು ಊರ ಮಾರ್ಕೆಟ್ಟಿಗೆ ಕೊಡಿ, ಏಕೆಂದರೆ ಹುಳಿ ಬರಿಸುವ ಯೀಸ್ಟ್ ಆ ಕಣ್ಣಿನ ದಾರಿಯಿಂದಲೇ ಒಳಹೊಕ್ಕಿರುತ್ತದೆ. ತೊಟ್ಟು ಹಣ್ಣಿನಲ್ಲೇ ಉಳಿಯುವಂತೆ ಕತ್ತರಿಸಿ. ತೊಟ್ಟಿನಿಂದ ಒಸರುವ ಹಾಲು ಚರ್ಮವನ್ನು ಸುಡುತ್ತದೆ, ಹಣ್ಣಿನ ಮೇಲೆ ಬಿದ್ದರೆ ಕಲೆ ಉಳಿಯುತ್ತದೆ. ಕೊಯ್ಯುವವರಿಗೆ ಕೈಗವಸು ಕೊಡಲೇಬೇಕು.

ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ದಾಟಿದಾಗ ಹಣ್ಣಿನ ತಿರುಳೇ 30ರ ಮೇಲಿರುತ್ತದೆ. ಅದನ್ನು ಸುಮ್ಮನೆ ಕೋಲ್ಡ್ ಸ್ಟೋರೇಜಿಗೆ ತಳ್ಳಿದರೆ ಹೊರಗಿನ ಕ್ರೇಟು ತಂಪಾಗುತ್ತದೆ, ನಡುವಿನದು ರಾತ್ರಿಯಿಡೀ ಬೆಚ್ಚಗೇ ಇರುತ್ತದೆ. ಗಾಳಿಯನ್ನು ಹಣ್ಣಿನ ನಡುವಿನಿಂದ ಎಳೆಯಬೇಕು. ತಂಪು ಕೋಣೆಯೊಳಗೆ ಕ್ರೇಟುಗಳನ್ನು ಎರಡು ಸಾಲಾಗಿ ಪೇರಿಸಿ, ನಡುವೆ ಒಂದು ಓಣಿ ಬಿಡಿ. ಓಣಿಯ ಮೇಲ್ಭಾಗಕ್ಕೂ ಹಿಂಬದಿಗೂ ತಾಡಪತ್ರಿ ಮುಚ್ಚಿ, ಮುಂದಿನ ತುದಿಯಲ್ಲಿ ದೊಡ್ಡ ಫ್ಯಾನನ್ನು ಗಾಳಿ ಹೊರಗೆಳೆಯುವಂತೆ ಇಡಿ. ಆಗ ತಂಪು ಗಾಳಿಗೆ ಕ್ರೇಟಿನ ಕಿಂಡಿ ಬಿಟ್ಟರೆ ಬೇರೆ ದಾರಿಯೇ ಇರುವುದಿಲ್ಲ. ಕೋಣೆಯ ಮೀಟರನ್ನು ನಂಬಬೇಡಿ. ಸೂಜಿ ಥರ್ಮಾಮೀಟರನ್ನು ನಡುಸಾಲಿನ ಹಣ್ಣಿಗೆ ಚುಚ್ಚಿ, 2–3 ಡಿಗ್ರಿ ಬಂದ ಮೇಲೆಯೇ ಫ್ಯಾನ್ ನಿಲ್ಲಿಸಿ.

ಪ್ಯಾಕಿಂಗನ್ನೂ ತಂಪಿನಲ್ಲೇ ಮಾಡಿ. ತಂಪಾದ ಹಣ್ಣನ್ನು ಬಿಸಿ ಶೆಡ್ಡಿಗೆ ತಂದರೆ ಐದೇ ನಿಮಿಷಕ್ಕೆ ಸಿಪ್ಪೆಯ ಮೇಲೆ ಸಣ್ಣ ಸಣ್ಣ ಹನಿ ಕೂರುತ್ತವೆ. ಆ ಹನಿಯೇ ಬೂಜಿಗೆ ಬೀಜ. ರಟ್ಟಿನ ಪೆಟ್ಟಿಗೆಯೂ ನೀರು ಕುಡಿದು ಬಲ ಕಳೆದುಕೊಳ್ಳುತ್ತದೆ, ಕೆಳಸಾಲು ಕುಸಿಯುತ್ತದೆ. ಅಂಜೂರವನ್ನು ಒಂದೇ ಪದರದಲ್ಲಿ, ಗುಳಿ ಇರುವ ಟ್ರೇಯಲ್ಲಿ ಇಡಿ. ಪೇರಿಸುವಾಗ ಒಂದು ಪೆಟ್ಟಿಗೆಯ ಗಾಳಿಕಿಂಡಿ ಇನ್ನೊಂದರ ಕಿಂಡಿಗೆ ಎದುರಾಗಲಿ. ಜೆಲ್ ಪ್ಯಾಕ್ ಇಡುವುದಾದರೆ ಹಣ್ಣಿಗೂ ಅದಕ್ಕೂ ನಡುವೆ ರಟ್ಟು ಇರಲಿ. ತಾಗಿದ ಕಡೆ ಹಣ್ಣು ಹೆಪ್ಪುಗಟ್ಟಿ ಕಪ್ಪಾಗುತ್ತದೆ. ಪೆಟ್ಟಿಗೆ ಪೇರಿಸುವ ಅಡಿಹಲಗೆ, ಅಂದರೆ ಪ್ಯಾಲೆಟ್, ಮರದ್ದಾದರೆ ಐಎಸ್‌ಪಿಎಂ 15 (ಮರದ ಪ್ಯಾಕಿಂಗಿನ ಅಂತರರಾಷ್ಟ್ರೀಯ ಮಾನದಂಡ) ಮುದ್ರೆ ಇರುವುದನ್ನೇ ತನ್ನಿ. ಮರದೊಳಗಿನ ಹುಳ ಸಾಯುವಂತೆ ಉಪಚಾರ ಆಗಿದೆ ಎಂಬುದಕ್ಕೆ ಆ ಮುದ್ರೆ ಸಾಕ್ಷಿ; ಅದರಲ್ಲಿ HT ಎಂದಿದ್ದರೆ ಮರದ ಒಳಭಾಗ 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ ಎಂದರ್ಥ. ಅದಿಲ್ಲದ ಪ್ಯಾಲೆಟ್ ಇಡೀ ಮಾಲನ್ನೇ ತಡೆಸುತ್ತದೆ.

ಬಾಡಿಗೆಯ ಲೆಕ್ಕ

ವಿಮಾನದವರು ತೂಕ, ಗಾತ್ರ ಎರಡನ್ನೂ ಅಳೆದು ಹೆಚ್ಚು ಬಂದದ್ದಕ್ಕೆ ಹಣ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿದರೆ ಗಾತ್ರದ ತೂಕ. 60×40×40ರ ಥರ್ಮಾಕೋಲ್ ಪೆಟ್ಟಿಗೆ 16 ಕಿಲೋ ಆಗುತ್ತದೆ. ಅದರೊಳಗೆ 8 ಕಿಲೋ ಅಂಜೂರ ಇಟ್ಟರೂ ನೀವು ಕಟ್ಟುವುದು 16 ಕಿಲೋದ ಬಾಡಿಗೆ. ಪೆಟ್ಟಿಗೆಯ ಅಳತೆ ಮೊದಲು, ದರದ ಮಾತು ಆಮೇಲೆ.

ಕಾಗದಗಳು

ಪ್ರತಿ ಸಲ ಹೊಸದಾಗಿ ಮಾಡಿಸಬೇಕಿಲ್ಲದವು: ಡಿಜಿಎಫ್‌ಟಿಯ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಐಇಸಿ ಎಂಬ ಆಮದು-ರಫ್ತು ಸಂಖ್ಯೆ (ಇದನ್ನು ವರ್ಷಕ್ಕೊಮ್ಮೆ ಆನ್‌ಲೈನಿನಲ್ಲಿ ಖಚಿತಪಡಿಸಬೇಕು), ಕೃಷಿ ರಫ್ತು ಸಂಸ್ಥೆ ಅಪೆಡಾದ ನೋಂದಣಿ, ವಿದೇಶಿ ಹಣ ಪಡೆಯುವ ಬ್ಯಾಂಕಿನ ಎಡಿ ಕೋಡನ್ನು ಕಸ್ಟಮ್ಸಿನಲ್ಲಿ ದಾಖಲಿಸುವುದು. ಜಿಎಸ್‌ಟಿ ಬೀಳುವ ಮಾಲನ್ನು ಅದನ್ನು ಕಟ್ಟದೆ ರಫ್ತು ಮಾಡಲು ಪ್ರತಿ ಆರ್ಥಿಕ ವರ್ಷ ಎಲ್‌ಯುಟಿ ಎಂಬ ಮುಚ್ಚಳಿಕೆ ಹಾಕಬೇಕು. ಪ್ರತಿ ಸಲ ಬೇಕಾದವು: ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್ (ಕಸ್ಟಮ್ಸಿಗೆ ಕೊಡುವ ರಫ್ತು ಘೋಷಣೆ), ಏರ್‌ವೇ ಬಿಲ್ (ವಿಮಾನದವರ ಸಾಗಣೆ ಚೀಟಿ), ಸಸ್ಯ ಸಂಪರ್ಕತಡೆ ಕೇಂದ್ರದ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ (ಹಣ್ಣಿನಲ್ಲಿ ಕೀಟ, ರೋಗ ಇಲ್ಲವೆಂಬ ಪತ್ರ). ಯುಎಇಗಾದರೆ 2022ರ ಮೇ 1ರಿಂದ ಜಾರಿಯಲ್ಲಿರುವ ಭಾರತ-ಯುಎಇ ವ್ಯಾಪಾರ ಒಪ್ಪಂದ ಸೆಪಾದ ಪ್ರಕಾರ ಮಾಲು ಭಾರತದ್ದೇ ಎಂದು ಹೇಳುವ ಮೂಲ ಪ್ರಮಾಣಪತ್ರವನ್ನೂ ಖರೀದಿದಾರರು ಕೇಳಬಹುದು. ಮಾಲು ನಿಲ್ಲುವುದು ಹೆಚ್ಚಾಗಿ ಸಣ್ಣ ತಪ್ಪಿಗೆ. ಫೈಟೋದಲ್ಲಿ 120 ಪೆಟ್ಟಿಗೆ, ಏರ್‌ವೇ ಬಿಲ್ಲಿನಲ್ಲಿ 118 ಎಂದಿದ್ದರೆ ಅದನ್ನು ತಿದ್ದುವಷ್ಟರಲ್ಲಿ ಆ ದಿನದ ವಿಮಾನ ಹೋಗಿರುತ್ತದೆ. ತೋಟದಿಂದ ಗಾಡಿ ಬಿಡುವ ಮುನ್ನ ಎಣಿಕೆ ಪಕ್ಕಾ ಮಾಡಿ ಕಸ್ಟಮ್ಸ್ ಏಜೆಂಟರಿಗೆ ಫೋಟೋ ಸಮೇತ ಕಳಿಸಿ.

ದಾರಿ ಮತ್ತು ದಿನ

ತೋರಣಗಲ್ಲಿನ ವಿಮಾನ ನಿಲ್ದಾಣ ಹತ್ತಿರವಿದ್ದರೂ ಈ ಕೆಲಸಕ್ಕೆ ಬಾರದು. ಬಳ್ಳಾರಿ, ಕೊಪ್ಪಳದವರಿಗೆ ಬೆಂಗಳೂರಿನ ದೇವನಹಳ್ಳಿ. ರಾಯಚೂರಿನವರಿಗೆ ಸುಮಾರು 200 ಕಿ.ಮೀ. ದೂರದ ಹೈದರಾಬಾದಿನ ಶಂಷಾಬಾದ್ ನಿಲ್ದಾಣ ಹತ್ತಿರ. ರೀಫರ್ ಗಾಡಿಯನ್ನು ಮಾಲು ತುಂಬುವ ಮೊದಲೇ ತಂಪು ಮಾಡಿಸಿ, ಗೋಡೆಗೂ ಪೆಟ್ಟಿಗೆಗೂ ನಡುವೆ ಗಾಳಿಗೆ ಜಾಗ ಬಿಡಿಸಿ. ರಾತ್ರಿ ಪ್ರಯಾಣವೇ ಒಳ್ಳೆಯದು. ಇಳಿಸುವ ಊರಿನ ರಜೆಯನ್ನೂ ನೋಡಿ: ದುಬೈಯಲ್ಲಿ 2022ರಿಂದ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ, ಸೌದಿಯಲ್ಲಿ ಶುಕ್ರವಾರ, ಶನಿವಾರ. ಭಾನುವಾರದಿಂದ ಮಂಗಳವಾರದೊಳಗೆ ಕೊಯ್ದರೆ ವಾರದ ನಡುವೆ ಮಾಲು ಮುಟ್ಟುತ್ತದೆ. ಪ್ಯಾಲೆಟ್ಟಿಗೆ ಬೆಳ್ಳಿಬಣ್ಣದ ಥರ್ಮಲ್ ಹೊದಿಕೆ ಹಾಕಿಸಿ; ವಿಮಾನದ ಪಕ್ಕ ಕಾಯುವ ಹೊತ್ತಿನಲ್ಲಿ ಹಣ್ಣನ್ನು ಉಳಿಸುವುದು ಅದೇ.

ಫ್ರೋಜನ್ ಆದರೆ

ಹೆಪ್ಪುಗಟ್ಟಿಸಿದ ಹೋಳಿಗೆ, ಸಿಹಿಜೋಳದಂಥವು ಮೈನಸ್ 18ರಲ್ಲೇ ಇರಬೇಕು. ಸ್ಯಾಂಪಲ್ಲಿಗೆ, ತುರ್ತಿಗೆ ಮಾತ್ರ ವಿಮಾನ, ಉಳಿದದ್ದು ಹಡಗಿಗೆ. ಇದಕ್ಕೆ ಡ್ರೈ ಐಸ್ ಬೇಕು, ಅದರ ತಾಪ ಮೈನಸ್ 78.5. ಒಂದು ಕಿಲೋ ಆವಿಯಾದರೆ 500 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಹಾಗಾಗಿ ಪೆಟ್ಟಿಗೆಯನ್ನು ಗಾಳಿಯಾಡದಂತೆ ಟೇಪ್ ಸುತ್ತಬೇಡಿ, ಸಿಡಿಯುತ್ತದೆ. ಮುಚ್ಚಿದ ವ್ಯಾನಿನಲ್ಲಿ ಜನರ ಜೊತೆ ಒಯ್ಯಬೇಡಿ, ಉಸಿರುಗಟ್ಟುತ್ತದೆ. ಪೆಟ್ಟಿಗೆಯ ಮೇಲೆ ಯುಎನ್ 1845, 9ನೇ ವರ್ಗದ ಲೇಬಲ್, ಡ್ರೈ ಐಸ್ ಎಷ್ಟು ಕಿಲೋ ಎಂಬುದು ಇರಬೇಕು. ಅಷ್ಟನ್ನೇ ಏರ್‌ವೇ ಬಿಲ್ಲಿನಲ್ಲೂ ಬರೆಸಬೇಕು. ಎಷ್ಟು ಐಸ್ ಸಾಕು ಎಂದು ಊಹಿಸಬೇಡಿ: ನಿಮ್ಮದೇ ಪೆಟ್ಟಿಗೆಯನ್ನು ತುಂಬಿ ಬಿಸಿ ಶೆಡ್ಡಿನಲ್ಲಿ 24 ತಾಸು ಇಟ್ಟು ಎಷ್ಟು ಕಿಲೋ ಇಳಿಯಿತು ಎಂದು ತೂಗಿ ನೋಡಿ, ಪ್ರಯಾಣದ ಅವಧಿಗಿಂತ ಒಂದು ದಿನ ಹೆಚ್ಚಿಗೆ ಲೆಕ್ಕ ಹಾಕಿ. ತಾಜಾ ಹಣ್ಣಿನ ಹತ್ತಿರ ಡ್ರೈ ಐಸ್ ಬೇಡವೇ ಬೇಡ.

ಕೆಟ್ಟು ಮುಟ್ಟಿದರೆ

ನಡುಸಾಲಿನ ಒಂದು ಪೆಟ್ಟಿಗೆಯಲ್ಲಿ ತಾಪಮಾನ ದಾಖಲಿಸುವ ಡೇಟಾ ಲಾಗರ್ ಇಟ್ಟು ಕಳಿಸಿ. ಹಾನಿಯಾಗಿದ್ದರೆ, ವಿಮಾನ ಸಾಗಣೆಯ ಹೊಣೆ ಹೇಳುವ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮಾಲು ಪಡೆದ 14 ದಿನದೊಳಗೆ ಲಿಖಿತ ದೂರು ಹೋಗಬೇಕು, ತಡವಾದದ್ದಕ್ಕೆ 21 ದಿನ. ಹಣ್ಣು ಮೊದಲೇ ಬೆಚ್ಚಗಿತ್ತು, ತನ್ನ ಗುಣದಿಂದಲೇ ಕೆಟ್ಟಿತು ಎಂದು ವಿಮಾನದವರು ವಾದಿಸಿದರೆ ಉತ್ತರ ಕೊಡುವುದು ಲಾಗರಿನ ಗೆರೆ. ಅದಕ್ಕೇ ಲಾಗರನ್ನು ನಿಲ್ದಾಣದಲ್ಲಿ ಅಲ್ಲ, ತೋಟದ ತಂಪು ಕೋಣೆಯಲ್ಲೇ ಚಾಲೂ ಮಾಡಿ; ಪೆಟ್ಟಿಗೆ ತೆರೆದ ದಿನವೇ ಅದರ ಗ್ರಾಫನ್ನೂ ಹಣ್ಣಿನ ಫೋಟೋಗಳನ್ನೂ ಕಳಿಸುವಂತೆ ಖರೀದಿದಾರರಿಗೆ ಮುಂಚೆಯೇ ಹೇಳಿಟ್ಟಿರಿ.